ಎನ್‌ಎಫ್‌ಎಲ್ ಗೇಮ್ ಅಂದ್ರೆ ಮ್ಯಾಡೆನ್ ಒಂದೇ ಯಾಕೆ?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಗೇಮ್ ಬೇಕು ಅಂದ್ರೆ ಪ್ರತಿ ವರ್ಷ ಇಎ ಕಂಪನಿಯ ಮ್ಯಾಡೆನ್ ಒಂದೇ ಸಿಗುತ್ತೆ. ಬೇರೆ ಯಾರೂ ಎನ್‌ಎಫ್‌ಎಲ್ ಗೇಮ್ ಯಾಕೆ ಮಾಡಲ್ಲ? ಒಂದೇ ಕಂಪನಿಗೆ ಹಕ್ಕು ಕೊಡೋದು ಕಾನೂನಿಗೆ ವಿರುದ್ಧ ಅಲ್ವಾ?

ಉತ್ತರ: ಬೇರೆಯವರು ಮಾಡುತ್ತಿಲ್ಲ ಅನ್ನುವುದಕ್ಕಿಂತ ಮಾಡುವ ಹಾಗಿಲ್ಲ ಅನ್ನಬೇಕು. ಅಮೆರಿಕನ್ ಫುಟ್‌ಬಾಲ್ ಅನ್ನುವ ಆಟ ಯಾರ ಸ್ವತ್ತೂ ಅಲ್ಲ. ನೂರು ಗಜದ ಮೈದಾನ, ಪ್ರತಿ ಕಡೆ ಹನ್ನೊಂದು ಜನ, ಹತ್ತು ಗಜ ಮುಂದೆ ಹೋಗಲು ನಾಲ್ಕು ಡೌನ್, ಅಂದರೆ ನಾಲ್ಕು ಅವಕಾಶ. ಇದನ್ನು ಯಾರು ಬೇಕಾದರೂ ಗೇಮ್ ಮಾಡಬಹುದು. ಆದರೆ ತಂಡಗಳ ಹೆಸರು, ಲೋಗೊ, ಜೆರ್ಸಿ ಎಲ್ಲ ಲೀಗಿನ ಕೈಯಲ್ಲಿವೆ. ಆಟಗಾರರ ಹೆಸರು, ಮುಖ, ಜೆರ್ಸಿ ನಂಬರ್ ಬಳಸಬೇಕಾದರೆ ಆಟಗಾರರ ಸಂಘದ ಜೊತೆ ಬೇರೆಯೇ ಒಪ್ಪಂದ ಬೇಕು. 2004ರ ಡಿಸೆಂಬರ್ 13ರಂದು ಇಎ ಈ ಎರಡನ್ನೂ ತನ್ನೊಬ್ಬನಿಗೇ ಸಿಗುವ ಹಾಗೆ ಬರೆಸಿಕೊಂಡಿತು. ಅವತ್ತಿನಿಂದ ಇವತ್ತಿನವರೆಗೆ ಆ ಒಪ್ಪಂದ ಮತ್ತೆ ಮತ್ತೆ ಮುಂದುವರಿಯುತ್ತಲೇ ಬಂದಿದೆ.

ಆ ತಾರೀಕಿಗೆ ಕೆಲವೇ ತಿಂಗಳ ಹಿಂದೆ ಏನಾಗಿತ್ತು ಅನ್ನುವುದು ಮುಖ್ಯ. ಅಲ್ಲಿವರೆಗೆ ಎನ್‌ಎಫ್‌ಎಲ್ ಪರವಾನಗಿ ಹಲವರಿಗೆ ಸಿಗುತ್ತಿತ್ತು. ಮ್ಯಾಡೆನ್ ಮುಂದಿತ್ತು, ನಿಜ. ಆದರೆ ಸೆಗಾ ಕಂಪನಿಯ ಹೆಸರಲ್ಲಿ ಬರುತ್ತಿದ್ದ 2ಕೆ ಸರಣಿ ಅದರ ಬೆನ್ನು ಹತ್ತಿತ್ತು. ಅದನ್ನು ಮಾಡುತ್ತಿದ್ದದ್ದು ವಿಷುವಲ್ ಕಾನ್ಸೆಪ್ಟ್ಸ್ ಅನ್ನುವ ಸ್ಟುಡಿಯೊ. 2004ರ ಜುಲೈಯಲ್ಲಿ ಅವರ ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5 ಬಂತು, ಅದೂ ಬರೀ 20 ಡಾಲರಿಗೆ. ಹೊಸ ಗೇಮ್ ಅಂದ್ರೆ 50 ಡಾಲರ್ ಅಂತ ಎಲ್ಲರೂ ಒಪ್ಪಿಕೊಂಡಿದ್ದ ಕಾಲ ಅದು. ಗೇಮ್ ಕೂಡ ಅಗ್ಗದ ಮಾಲಲ್ಲ. ಟಿವಿಯಲ್ಲಿ ಮ್ಯಾಚ್ ನೋಡಿದ ಹಾಗೇ ಅನ್ನಿಸುವ ಪ್ರಸಾರ, ಅರ್ಧ ವಿರಾಮದ ವಿಶ್ಲೇಷಣೆ, ನಿಜಕ್ಕೂ ಚೆನ್ನಾಗಿದ್ದ ಟ್ಯಾಕಲ್‌ಗಳು. ಇವತ್ತಿಗೂ ಅದನ್ನು ಆಡುವವರಿದ್ದಾರೆ, ತಂಡಗಳ ಪಟ್ಟಿಯನ್ನು ತಾವೇ ಕೂತು ಹೊಸದು ಮಾಡಿಕೊಳ್ಳುತ್ತಾರೆ.

ಆ ವರ್ಷವೂ ಜಾಸ್ತಿ ಮಾರಾಟವಾಗಿದ್ದು ಮ್ಯಾಡೆನ್ನೇ. ಆದರೂ ನವೆಂಬರ್ ಹೊತ್ತಿಗೆ ಇಎ ತನ್ನ ಬೆಲೆಯನ್ನು 50ರಿಂದ ಸುಮಾರು 30 ಡಾಲರಿಗೆ ಇಳಿಸಬೇಕಾಯಿತು. ಪ್ರತಿಸ್ಪರ್ಧಿ ಗೆಲ್ಲದಿದ್ದರೂ ಪಕ್ಕದಲ್ಲಿ ಇದ್ದರೆ ಸಾಕು, ಕೊಳ್ಳುವವನಿಗೆ ಲಾಭ. ಇಎ ಒಪ್ಪಂದ ಘೋಷಿಸಿದ್ದು ಅದರ ಮುಂದಿನ ತಿಂಗಳು. 2005ರ ಜನವರಿಯಲ್ಲಿ ಇಎಸ್‌ಪಿಎನ್ ಹೆಸರು ಬಳಸುವ ಹಕ್ಕನ್ನೂ 15 ವರ್ಷಕ್ಕೆ ತೆಗೆದುಕೊಂಡಿತು. ಅದೇ ತಿಂಗಳು ಸೆಗಾ ವಿಷುವಲ್ ಕಾನ್ಸೆಪ್ಟ್ಸನ್ನು ಟೇಕ್-ಟು ಕಂಪನಿಗೆ ಮಾರಿಬಿಟ್ಟಿತು. ಮುಂದಿನ ಮ್ಯಾಡೆನ್ ಮತ್ತೆ 50 ಡಾಲರ್.

ಪರವಾನಗಿ ಇಲ್ಲದೇ ಮಾಡಬಹುದಲ್ಲ ಅಂತ ಕೇಳಬಹುದು. ಮಾಡಿದರು. ಅದೇ ಸ್ಟುಡಿಯೊ 2007ರಲ್ಲಿ ಆಲ್-ಪ್ರೊ ಫುಟ್‌ಬಾಲ್ 2ಕೆ8 ತಂದಿತು. ಜೆರ್ರಿ ರೈಸ್, ಬ್ಯಾರಿ ಸ್ಯಾಂಡರ್ಸ್, ಜಾನ್ ಎಲ್ವೇ ಥರದ ನಿವೃತ್ತ ದಿಗ್ಗಜರನ್ನು ಒಪ್ಪಿಸಿ, ತಂಡಗಳಿಗೆಲ್ಲ ಹೊಸ ಹೆಸರಿಟ್ಟು ಮಾಡಿದ ಗೇಮ್. ಆಟ ಚೆನ್ನಾಗಿಯೇ ಇತ್ತು, ಆದರೆ ಮುಂದಿನ ಭಾಗ ಬರಲೇ ಇಲ್ಲ. ಭಾನುವಾರ ಟಿವಿಯಲ್ಲಿ ಕಂಡ ತಂಡವನ್ನು ಸೋಮವಾರ ತಾನೇ ಆಡಿಸಬೇಕು ಅನ್ನುವ ಆಸೆಯಿಂದಲೇ ಜನ ಈ ಗೇಮ್‌ಗಳನ್ನು ಕೊಳ್ಳುವುದು. ನಮ್ಮಲ್ಲಿ ಕ್ರಿಕೆಟ್ 07 ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಭಾರತದ ಆಟಗಾರರ ಹೆಸರುಗಳು ತಿರುಚಿದ ಕಾಗುಣಿತದಲ್ಲಿದ್ದವು, ಪ್ಯಾಚ್ ಹಾಕಿ ಸರಿ ಮಾಡಿಕೊಳ್ಳುವ ತನಕ ಸಮಾಧಾನ ಇರುತ್ತಿರಲಿಲ್ಲ.

ಈಗ ಕಾನೂನಿಗೆ ಬರೋಣ. ಒಬ್ಬರಿಗೇ ಹಕ್ಕು ಕೊಟ್ಟ ಮಾತ್ರಕ್ಕೆ ಅದು ಅಮೆರಿಕದ ಸ್ಪರ್ಧಾ ಕಾನೂನಿನಲ್ಲಿ ಅಪರಾಧ ಆಗುವುದಿಲ್ಲ. ಅದರಿಂದ ಮಾರುಕಟ್ಟೆಗೆ ಆಗುವ ಒಳ್ಳೆಯದೆಷ್ಟು, ಕೆಟ್ಟದ್ದೆಷ್ಟು ಅಂತ ಕೋರ್ಟ್ ತೂಗಿ ನೋಡುತ್ತದೆ. ಲೀಗಿಗೆ ಒಂದು ಗುರಾಣಿ ಇತ್ತು: ನಮ್ಮ 32 ತಂಡಗಳೂ ಪರವಾನಗಿ ವಿಷಯದಲ್ಲಿ ಒಂದೇ ಸಂಸ್ಥೆ, ಒಂದು ಸಂಸ್ಥೆ ತನ್ನ ಜೊತೆ ತಾನೇ ಸೇರಿ ಪಿತೂರಿ ಮಾಡಲು ಸಾಧ್ಯವಿಲ್ಲ ಅನ್ನುವ ವಾದ. ಎನ್‌ಎಫ್‌ಎಲ್ ಟೋಪಿಗಳ ಹಕ್ಕನ್ನು ರೀಬಾಕ್ ಒಬ್ಬರಿಗೇ ಕೊಟ್ಟಿದ್ದಕ್ಕೆ ಅಮೆರಿಕನ್ ನೀಡಲ್ ಅನ್ನುವ ಟೋಪಿ ಕಂಪನಿ ಕೇಸ್ ಹಾಕಿತ್ತು. ಅದರಲ್ಲಿ 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆ ವಾದವನ್ನು ತಳ್ಳಿಹಾಕಿದರು. ತಂಡಗಳು ಬೇರೆ ಬೇರೆ ವ್ಯಾಪಾರಿಗಳು, ಒಟ್ಟಾಗಿ ಹಕ್ಕು ಮಾರಿದರೆ ಪ್ರಶ್ನೆ ಮಾಡಬಹುದು ಅಂದರು. ಪ್ರಶ್ನೆ ಮಾಡಬಹುದು ಅಂದರೇ ಹೊರತು ತಪ್ಪು ಅನ್ನಲಿಲ್ಲ.

ಗೇಮ್ ಕೊಂಡವರೇ ಹಾಕಿದ ಕೇಸೂ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಪೆಕೋವರ್ ಕೇಸ್. ಪೈಪೋಟಿ ಕೊಂದು ನಮ್ಮಿಂದ ಹೆಚ್ಚು ಬೆಲೆ ವಸೂಲಿ ಮಾಡಿದ್ದೀರಿ ಅನ್ನುವ ದೂರು. ತೀರ್ಪು ಬರುವ ಮೊದಲೇ 2012ರಲ್ಲಿ ರಾಜಿಯಾಯಿತು. ತಪ್ಪು ಒಪ್ಪಿಕೊಳ್ಳದೆ ಇಎ 2.7 ಕೋಟಿ ಡಾಲರ್ ಕೊಟ್ಟಿತು, ಕಾಲೇಜ್ ಫುಟ್‌ಬಾಲಿನ ಏಕಸ್ವಾಮ್ಯ ಹಕ್ಕನ್ನು ಐದು ವರ್ಷ ತೆಗೆದುಕೊಳ್ಳುವುದಿಲ್ಲ ಅಂತ ಒಪ್ಪಿತು. ಎನ್‌ಎಫ್‌ಎಲ್ ಒಪ್ಪಂದವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಜನ ಕೋರ್ಟಿಗೆ ಹೋಗಿದ್ದೇ ಆ ಗೇಮಿನ ಸಿಟ್ಟಿಗೆ, ಅದೇ ಉಳಿದುಕೊಂಡಿತು. ಇದು ನನಗೆ ಈಗಲೂ ಬೇಸರದ ವಿಷಯ.

ಏಕಸ್ವಾಮ್ಯದ ಪರ ಇರುವವರು ಹೇಳುವುದು ಇಷ್ಟು: ಹಕ್ಕಿಗಾಗಿ ಕಂಪನಿಗಳು ಪೈಪೋಟಿ ಮಾಡುತ್ತವಲ್ಲ, ಅದೂ ಸ್ಪರ್ಧೆಯೇ. ಸುಳ್ಳಲ್ಲ. ಆದರೆ ಬಸ್ ಸ್ಟ್ಯಾಂಡ್ ಕ್ಯಾಂಟೀನ್ ಟೆಂಡರ್ ನೋಡಿ. ಜಾಸ್ತಿ ಕೂಗಿದವನಿಗೆ ಜಾಗ ಸಿಗುತ್ತದೆ, ದುಡ್ಡು ನಿಗಮಕ್ಕೆ ಹೋಗುತ್ತದೆ, ಕಾಫಿ ಕುಡಿಯುವವನಿಗೆ ಆ ಸ್ಪರ್ಧೆಯಿಂದ ಸಿಗುವುದು ಏನೂ ಇಲ್ಲ. ಇಲ್ಲೂ ಹಾಗೇ. ಲೀಗ್ ಹೆಚ್ಚು ದುಡ್ಡು ಪಡೆಯಿತು, ಕೊಳ್ಳುವವನ ಆಯ್ಕೆ ಹೋಯಿತು. ಅದಕ್ಕೇ ಬರೀ ಇಎಯನ್ನು ಬೈದರೆ ನ್ಯಾಯ ಆಗುವುದಿಲ್ಲ ಅನ್ನುತ್ತೇನೆ. ಕೊಂಡವನಷ್ಟೇ ಮಾರಿದವನೂ ಹೊಣೆ, ಮಾರಿದ್ದು ಲೀಗ್. 2020ರಲ್ಲಿ ಎನ್‌ಎಫ್‌ಎಲ್ ಟೇಕ್-ಟುಗೂ ಹಕ್ಕು ಕೊಟ್ಟಿತು ಅಂತ ಸುದ್ದಿ ಬಂದಾಗ ತುಂಬಾ ಜನ ಖುಷಿಪಟ್ಟರು. ಆದರೆ ಅದು ನಿಜದ ಪಂದ್ಯದ ಹಾಗೆ ಆಡುವ ಗೇಮ್‌ಗಳನ್ನು ಬಿಟ್ಟು ಉಳಿದವಕ್ಕೆ ಮಾತ್ರ.

ಹಾಗಾದರೆ ಬೀಗ ತೆಗೆದರೆ ನಾಳೆಯೇ ನಾಲ್ಕು ಗೇಮ್ ಬರುತ್ತವೆಯೇ? ಬರಲಿಕ್ಕಿಲ್ಲ. ಬಾಸ್ಕೆಟ್‌ಬಾಲ್ ನೋಡಿ. ಅದರ ಲೀಗ್ ಆದ ಎನ್‌ಬಿಎ, ಇಎ ಮತ್ತು ಟೇಕ್-ಟು ಇಬ್ಬರಿಗೂ ಪರವಾನಗಿ ಕೊಟ್ಟಿತ್ತು. ಇಎ ತನ್ನ ಎನ್‌ಬಿಎ ಎಲೀಟ್ 11 ಅನ್ನು 2010ರಲ್ಲಿ ಬಿಡುಗಡೆಗೆ ಸ್ವಲ್ಪ ಮೊದಲು ನಿಲ್ಲಿಸಿತು, ಆಮೇಲೆ ಎನ್‌ಬಿಎ ಲೈವ್ ಹೆಸರಲ್ಲಿ ವಾಪಸ್ ಬಂದು, 2018ರ ಲೈವ್ 19 ಆದಮೇಲೆ ಕನ್ಸೋಲ್‌ನಲ್ಲಿ ಸುಮ್ಮನಾಯಿತು. ಈಗ ಅಲ್ಲಿ ಎನ್‌ಬಿಎ 2ಕೆ ಒಂದೇ, ಅದನ್ನು ಮಾಡುವುದೂ ಅದೇ ವಿಷುವಲ್ ಕಾನ್ಸೆಪ್ಟ್ಸ್. ಒಳಗೆ ಮತ್ತೆ ಮತ್ತೆ ದುಡ್ಡು ಕೇಳುತ್ತದೆ ಅನ್ನುವ ದೂರು ಅದರ ಮೇಲೂ ಇದೆ. ಪ್ರತಿ ವರ್ಷ ಇಷ್ಟು ದೊಡ್ಡ ಗೇಮ್ ತರುವ ಖರ್ಚು, ಗೆಳೆಯರು ಆಡುವುದನ್ನೇ ತಾನೂ ಆಡುವ ಅಭ್ಯಾಸ, ಎರಡೂ ಸೇರಿ ಒಬ್ಬನನ್ನೇ ಉಳಿಸುತ್ತವೆ. ಆದರೆ ಅಲ್ಲಿ ಸೋತವನು ಆಡಿ ಸೋತ. ಫುಟ್‌ಬಾಲ್‌ನಲ್ಲಿ ಆಡುವುದಕ್ಕೇ ಬಿಡಲಿಲ್ಲ. ನನಗೆ ಇವೆರಡೂ ಒಂದೇ ಅನ್ನಿಸುವುದಿಲ್ಲ.

ಬೇಸ್‌ಬಾಲ್ ಕಥೆ ಇನ್ನೂ ಸ್ಪಷ್ಟ. ಎನ್‌ಎಫ್‌ಎಲ್ ಕೈತಪ್ಪಿದ ಮುಂದಿನ ತಿಂಗಳೇ, 2005ರ ಜನವರಿಯಲ್ಲಿ, ಟೇಕ್-ಟು ಬೇಸ್‌ಬಾಲ್ ಹಕ್ಕು ಕೊಂಡು ಇಎಗೆ ಅದನ್ನೇ ಮಾಡಿತು. ಜನ ತುಂಬಾ ಇಷ್ಟಪಟ್ಟಿದ್ದ ಇಎಯ ಎಂವಿಪಿ ಬೇಸ್‌ಬಾಲ್ ಅದರಿಂದ ನಿಂತುಹೋಯಿತು. ಅಂದರೆ ಇಲ್ಲಿ ಒಳ್ಳೆಯ ಕಂಪನಿ, ಕೆಟ್ಟ ಕಂಪನಿ ಅಂತ ಇಲ್ಲ. ಆದರೆ ಆ ಒಪ್ಪಂದದಲ್ಲಿ ಒಂದು ವಿನಾಯಿತಿ ಇತ್ತು: ಕನ್ಸೋಲ್ ತಯಾರಿಸುವ ಕಂಪನಿಗಳು ತಮ್ಮ ಯಂತ್ರಕ್ಕೆ ತಾವೇ ಬೇಸ್‌ಬಾಲ್ ಗೇಮ್ ಮಾಡಿಕೊಳ್ಳಬಹುದು. ಸೋನಿ ಮಾಡಿಕೊಂಡಿತು. ಎಂಎಲ್‌ಬಿ ದಿ ಶೋ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಾ ಹೋಯಿತು, ಟೇಕ್-ಟುವಿನ ಸರಣಿ 2013ಕ್ಕೆ ಮುಗಿಯಿತು. 2021ರಲ್ಲಿ ದಿ ಶೋ ಎಕ್ಸ್‌ಬಾಕ್ಸ್‌ಗೂ ಬಂತು. ಇವತ್ತು ಕನ್ಸೋಲ್‌ನಲ್ಲಿ ಬೇಸ್‌ಬಾಲ್ ಅಂದ್ರೆ ಅದೇ ಗೇಮ್. ಎನ್‌ಎಫ್‌ಎಲ್ ಒಪ್ಪಂದದಲ್ಲಿ ಇಂಥ ಒಂದು ವಿನಾಯಿತಿಯನ್ನಾದರೂ ಕೇಳಬೇಕು ಅಂತ ಅಲ್ಲಿನ ಆಟಗಾರರ ಸಂಘಕ್ಕೂ ಲೀಗಿಗೂ ಅಭಿಮಾನಿಗಳು ಒತ್ತಾಯ ಹಾಕಬೇಕಾದ ಸಮಯ ಅಂದ್ರೆ, ಪ್ರತಿ ಸಲ ಒಪ್ಪಂದ ನವೀಕರಣಕ್ಕೆ ಬರುವ ಮೊದಲಿನ ವರ್ಷ.