ನೀರೊನ ಮುಖ ಒಂದು, ತೂಕ ಇನ್ನೊಂದು ಹೇಳಿದರೆ

ರೋಮನ್ ಚಿನ್ನದ ನಾಣ್ಯ ಕೈಗೆ ಬಂದರೆ ಕಣ್ಣು ನೇರ ಚಕ್ರವರ್ತಿಯ ಮುಖಕ್ಕೆ ಹೋಗುತ್ತದೆ. ಮುಖ ಆಮೇಲೆ ನೋಡಿ, ಮೊದಲು ತೂಗಿ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು.

ಈ ನಾಣ್ಯದ ಹೆಸರು ಆರಿಯಸ್. ಜೂಲಿಯಸ್ ಸೀಸರ್ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ 40 ನಾಣ್ಯ, ಒಂದೊಂದೂ ಸುಮಾರು 8 ಗ್ರಾಂ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೊ ಅದೇ ಪೌಂಡಿಗೆ 45 ಮಾಡಿಸಿದ, ತೂಕ 7.3 ಗ್ರಾಂ ಆಸುಪಾಸಿಗೆ ಇಳಿಯಿತು. ಮುಂದೆ ಚಕ್ರವರ್ತಿ ಕಾನ್‌ಸ್ಟಂಟೈನ್ ತಂದ ಸಾಲಿಡಸ್ ಎಂಬ ಚಿನ್ನದ ನಾಣ್ಯ ಪೌಂಡಿಗೆ 72, ಅಂದರೆ 4.5 ಗ್ರಾಂ.

ಈಗ ಮುಖ. ನೀರೊನ ಮೊದಲ ವರ್ಷಗಳ ನಾಣ್ಯದಲ್ಲಿ ಬರಿದಲೆಯ ಹುಡುಗನಿದ್ದಾನೆ. ಹಿಂಬದಿಯಲ್ಲಿ ಓಕ್ ಎಲೆಯ ಮಾಲೆ, ನಡುವೆ ‘ಎಕ್ಸ್ ಎಸ್ ಸಿ’ (ಸೆನೆಟ್‌ನ ತೀರ್ಮಾನದಂತೆ ಎಂಬುದರ ಗಿಡ್ಡರೂಪ) ಅಕ್ಷರಗಳು. 64ರ ನಂತರದವನು ಬೇರೆಯೇ ಆಳು: ದಪ್ಪ ಕತ್ತು, ಉಬ್ಬಿದ ಕೆನ್ನೆ, ತಲೆಗೆ ಲಾರೆಲ್ ಮಾಲೆ. ಹುಡುಗನ ಮುಖ ಒಂದಿಷ್ಟೂ ಸವೆದಿಲ್ಲ, ತೂಕ ಮಾತ್ರ 7.2 ಗ್ರಾಂ ಎಂದಾದರೆ ಅನುಮಾನ ಪಡಲೇಬೇಕು. ಸವೆದದ್ದಾದರೆ ಆ ಮಾತು ಬೇರೆ.

ಒರೆಗಲ್ಲಿಗೆ ಮಾತ್ರ ದಯವಿಟ್ಟು ಹಚ್ಚಬೇಡಿ, ಆ ಗೆರೆ ಮತ್ತೆ ಹೋಗುವುದಿಲ್ಲ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿ. ಗಾಳಿಯಲ್ಲಿ 7.27, ನೀರಿನಲ್ಲಿ 6.89 ಬಂದರೆ ವ್ಯತ್ಯಾಸ 0.38, ಗಾಳಿಯ ತೂಕವನ್ನು ಅದರಿಂದ ಭಾಗಿಸಿದರೆ 19.1, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ, ಒಳ್ಳೆಯ ಚಿನ್ನ. ಒಂದು ಗಾಳಿಗುಳ್ಳೆ ಅಂಟಿಕೊಂಡರೂ ನೀರಿನೊಳಗಿನ ತೂಕ ತಗ್ಗಿ, ಅಸಲಿ ನಾಣ್ಯ ಕಲಬೆರಕೆಯಂತೆ ಕಾಣುತ್ತದೆ. ವ್ಯತ್ಯಾಸದಲ್ಲಿ 0.01 ತಪ್ಪಿದರೆ ಉತ್ತರ 0.5ರಷ್ಟು ಅತ್ತಿತ್ತ ಆಗುತ್ತದೆ, ಹಾಗಾಗಿ ಮೂರು ಸಲ ತೂಗಿ.

ಚಿನ್ನ ಅಪ್ಪಟವಾದ ಮಾತ್ರಕ್ಕೆ ನಾಣ್ಯ ಹಳೆಯದಾಗದು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ 19ನೇ ಶತಮಾನದ ಆರಂಭದಲ್ಲಿ ತಾನೇ ಅಚ್ಚು ಕೊರೆದು ನಕಲಿ ನಾಣ್ಯಗಳನ್ನು ಚಿನ್ನದಲ್ಲೇ ಹೊಡೆಯುತ್ತಿದ್ದ. ಎರಕದ ನಕಲಿಯಾದರೆ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಸಣ್ಣ ಗುಳಿಗಳು, ಮೊಂಡಾದ ಅಕ್ಷರ, ಅಂಚಿನಲ್ಲಿ ಅರ ಉಜ್ಜಿದ ಗುರುತು ಸಿಕ್ಕಿಬಿಡುತ್ತವೆ. ಸುತ್ತಿಗೆ ಏಟಿನ ನಾಣ್ಯದಲ್ಲಿ ಲೋಹ ಅಂಚಿನ ಕಡೆಗೆ ಹರಿದ ಸಣ್ಣ ಗೆರೆಗಳು ಅಕ್ಷರಗಳ ಬುಡದಲ್ಲಿ ಕಾಣುತ್ತವೆ. ಬೆಕರ್‌ನಂಥವರ ಕೆಲಸ ಇಲ್ಲೂ ಸಿಕ್ಕಿಬೀಳದು. ಕೂದಲಿನ ಎಳೆ, ಅಕ್ಷರದ ಆಕಾರಗಳನ್ನು ಅದೇ ಕಾಲದ ಅಸಲಿ ನಾಣ್ಯದ ಪಕ್ಕದಲ್ಲಿಟ್ಟು ಹೋಲಿಸಬೇಕು.

ದಕ್ಷಿಣ ಭಾರತದಲ್ಲಿ ಸಿಕ್ಕವುಗಳಿಗೆ ಇನ್ನೊಂದು ಎಚ್ಚರಿಕೆ. 1898ರಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ದೊರೆತ 501 ಆರಿಯಸ್‌ಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿ ಏಟು ಬಿದ್ದಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲೂ ರೋಮನ್, ಬೈಜಾಂಟೈನ್ ಚಿನ್ನದ ನಾಣ್ಯಗಳು ಸಿಕ್ಕಿವೆ. ಇಲ್ಲಿಗೆ ಬಂದ ಸಾಲಿಡಸ್‌ಗಳಲ್ಲಿ ಕೆಲವಕ್ಕೆ ಮುಖದ ಮೇಲ್ಭಾಗದಲ್ಲಿ ಜೋಡಿ ತೂತುಗಳಿವೆ, ಪೋಣಿಸಿ ತೊಡುವುದಕ್ಕೆ. ಇವು ಈ ನೆಲದ ಬಳಕೆಯ ಗುರುತುಗಳು, ಅಕ್ಕಸಾಲಿಗರ ಹತ್ತಿರ ಸರಿಮಾಡಿಸಬಾರದು. ಮುಚ್ಚಿಸಿದರೂ ಹೊಸ ಚಿನ್ನದ ಹೊಳಪು, ಅದರೊಳಗೆ ಮತ್ತೆ ಕೆತ್ತಿದ ಅಕ್ಷರ, ಎರಡೂ ಅದೇ ಹತ್ತು ಪಟ್ಟಿನ ಗಾಜಿನಲ್ಲಿ ಬೇರೆಯಾಗಿ ಕಾಣುತ್ತವೆ.