ಕಾರ್ಖಾನೆಯ ಗೇಟು ದಾಟದ ಎಚ್ಚರಿಕೆ: ಬ್ರೇಕ್ ಧೂಳಿನ ನೂರು ವರ್ಷ

ಲಾರಿಯ ಹಿಂದಿನ ಚಕ್ರ ಬಿಚ್ಚಿ, ಅಂಚಿಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಬ್ರೇಕ್ ಡ್ರಮ್ ಎಳೆದರೆ ಒಳಗೆ ಕಾಣುವುದು ಬೂದು ಬಣ್ಣದ ನಯವಾದ ಧೂಳು. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿಗಳೇ ಬ್ರೇಕ್ ಶೂಗಳು; ಅವುಗಳ ಮೇಲಿನ ಲೈನರ್ ಎಂಬ ಹೊದಿಕೆ ತಿಂಗಳುಗಟ್ಟಲೆ ಡ್ರಮ್ಮಿಗೆ ಉಜ್ಜಿ ಸವೆದದ್ದೆಲ್ಲ ಅಲ್ಲೇ ಕೂತಿರುತ್ತದೆ. ಅದನ್ನು ತೆಗೆಯಲು ನಮ್ಮ ಗ್ಯಾರೇಜುಗಳಲ್ಲಿ ರೂಢಿಯಾಗಿರುವ ದಾರಿ ಕಂಪ್ರೆಸರ್ ಗಾಳಿ ಹೊಡೆಯುವುದು. ಕ್ಷಣಮಾತ್ರದಲ್ಲಿ ಡ್ರಮ್ಮು, ಶೂ, ಸ್ಪ್ರಿಂಗು ಎಲ್ಲವೂ ಸ್ವಚ್ಛ. ಧೂಳು ಮಾತ್ರ ಮೆಕ್ಯಾನಿಕ್‌ನ ಕಣ್ಣುರೆಪ್ಪೆಯ ಮೇಲೆ, ಖಾಕಿ ಅಂಗಿಯ ಮಡಿಕೆಯಲ್ಲಿ, ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹುಡುಗನ ಮೂಗಿನಲ್ಲಿ ಹಂಚಿಹೋಗಿರುತ್ತದೆ.

ಈ ಧೂಳಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಕಲ್ನಾರಿನ ಧೂಳು ಶ್ವಾಸಕೋಶವನ್ನು ಹಾಳು ಮಾಡುತ್ತದೆ ಎಂಬ ಮೊದಲ ಸರ್ಕಾರಿ ದಾಖಲೆ ಬಂದದ್ದು 1898ರಲ್ಲಿ. ಆ ತಿಳಿವಳಿಕೆ ಕಾರ್ಖಾನೆಯಿಂದ ಗ್ಯಾರೇಜಿಗೆ ಬರಲು ಮುಂದುವರಿದ ದೇಶಗಳಲ್ಲೇ ಮುಕ್ಕಾಲು ಶತಮಾನ ಹಿಡಿಯಿತು. ನಮ್ಮಲ್ಲಿ ಅದು ಈಗಲೂ ಸರಿಯಾಗಿ ಬಂದಿಲ್ಲ. ಯಾಕೆ ಹೀಗಾಯಿತು ಎಂದು ಹಿಂದಕ್ಕೆ ಹೋಗಿ ನೋಡಿದರೆ ಒಂದೇ ಕಾರಣ ಮತ್ತೆ ಮತ್ತೆ ಎದುರಾಗುತ್ತದೆ: ಕಾನೂನು ಯಾವಾಗಲೂ ವಸ್ತುವನ್ನು ತಯಾರಿಸುವವನನ್ನು ನೋಡಿತು, ಅದನ್ನು ರಿಪೇರಿ ಮಾಡುವವನನ್ನು ನೋಡಲಿಲ್ಲ.

ಬ್ರೇಕಿಗೆ ಮೊದಲು ಕಲ್ನಾರು ಇರಲಿಲ್ಲ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ದಿಟ್ಟ ಹೆಂಗಸು ಗಂಡ ಕಾರ್ಲ್ ಬೆಂಜ್ ತಯಾರಿಸಿದ ಕಾರನ್ನು ಅವನಿಗೆ ಹೇಳದೆ ಹೊರಡಿಸಿ, ಇಬ್ಬರು ಗಂಡುಮಕ್ಕಳೊಂದಿಗೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದಳು. ಇಳಿಜಾರುಗಳಲ್ಲಿ ಮರದ ಬ್ರೇಕ್ ಕಟ್ಟೆಗಳು ಸವೆದಾಗ ಚಪ್ಪಲಿ ಹೊಲಿಯುವವನೊಬ್ಬನಿಂದ ಅವುಗಳ ಮೇಲೆ ಚರ್ಮ ಹೊಡೆಸಿಕೊಂಡಳು. ಬ್ರೇಕ್ ಲೈನರ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. 1897ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಹರ್ಬರ್ಟ್ ಫ್ರೂಡ್ ಕುದುರೆಗಾಡಿಗಳಿಗಾಗಿ ಬ್ರೇಕ್ ಹಲಗೆಗಳನ್ನು ಸುಧಾರಿಸಲು ತೊಡಗಿದ. ಮುಂದೆ ಫೆರೋಡೊ ಎಂಬ ಹೆಸರಿನ ದೊಡ್ಡ ಉದ್ಯಮವಾದದ್ದು ಅದೇ.

ಮೋಟಾರು ವಾಹನಗಳ ವೇಗ ಹೆಚ್ಚಿದಂತೆ ಚರ್ಮವೂ ಹತ್ತಿಯೂ ಸೋತವು. ಬ್ರೇಕ್ ಮಾಡುವ ಕೆಲಸವೆಂದರೆ ಚಲನೆಯನ್ನು ಶಾಖವಾಗಿಸುವುದು. ಹೊರೆ ಹೊತ್ತ ಲಾರಿಯೊಂದು ಚಾರ್ಮಾಡಿ ಘಾಟಿ ಇಳಿಯುವಾಗ ಅದರ ಡ್ರಮ್ಮಿನ ಬಿಸಿ ಹತ್ತಿಯನ್ನು ಸುಟ್ಟು ಕರಕಲು ಮಾಡುವಷ್ಟು ಏರುತ್ತದೆ. 1908ರ ಹೊತ್ತಿಗೆ ಇದಕ್ಕೆ ಉತ್ತರವಾಗಿ ಸಿಕ್ಕಿದ್ದು ಕಲ್ನಾರು. ಬಂಡೆಯಿಂದ ಸಿಗುವ ಈ ಎಳೆ ಸುಡುವುದಿಲ್ಲ, ಕೊಳೆಯುವುದಿಲ್ಲ, ಬಟ್ಟೆಯಂತೆ ನೇಯಬಹುದು, ರಾಳದೊಂದಿಗೆ ಬೆರೆಸಿ ಅಚ್ಚು ಒತ್ತಬಹುದು, ಮೇಲಾಗಿ ಅಗ್ಗ. ಮುಂದಿನ ಏಳು ದಶಕ ಜಗತ್ತಿನ ಬಹುತೇಕ ಎಲ್ಲ ಕಾರು, ಬಸ್ಸು, ಲಾರಿಗಳೂ ನಿಂತದ್ದು ಇದರ ಬಲದಿಂದಲೇ. ಒಂದು ಸಾಮಾನ್ಯ ಲೈನರ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಲ್ನಾರೇ ಇರುತ್ತಿತ್ತು. ಕ್ಲಚ್ ಪ್ಲೇಟು, ಎಂಜಿನ್ನಿನ ಗ್ಯಾಸ್ಕೆಟ್ಟುಗಳಲ್ಲೂ ಅದು ಇತ್ತು. ಅದರಿಂದ ಉಳಿದ ಪ್ರಾಣಗಳೂ ಲೆಕ್ಕವಿಲ್ಲದಷ್ಟು. ಈ ವಿಷಯದಲ್ಲಿ ಅದನ್ನು ಬರೀ ಖಳನೆಂದು ಬರೆದರೆ ಚರಿತ್ರೆಗೆ ಅನ್ಯಾಯವಾಗುತ್ತದೆ.

ಆದರೆ ಅದರ ದೋಷವನ್ನು ಆಗಲೇ ಕಂಡವರಿದ್ದರು. ಬ್ರಿಟನ್ನಿನ ಮೊದಲ ಮಹಿಳಾ ಕಾರ್ಖಾನೆ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬರಾದ ಲೂಸಿ ಡೀನ್ 1898ರ ವರದಿಯಲ್ಲಿ ಕಲ್ನಾರಿನ ಧೂಳಿನ ಕಣಗಳು ಸೂಕ್ಷ್ಮದರ್ಶಕದಡಿ ಗಾಜಿನ ಚೂರಿನಂತೆ ಮೊನಚಾಗಿ ಕಾಣುತ್ತವೆ, ಕೆಲಸಗಾರರಿಗೆ ಹಾನಿ ಮಾಡುತ್ತಿವೆ ಎಂದು ಬರೆದರು. ಮರುವರ್ಷ ಲಂಡನ್ನಿನ ವೈದ್ಯ ಮಾಂಟೆಗ್ಯೂ ಮರೆ ಬಳಿಗೆ 33 ವರ್ಷದ ಒಬ್ಬ ಕಾರ್ಮಿಕ ಬಂದ. ಕಲ್ನಾರು ಕಾರ್ಖಾನೆಯಲ್ಲಿ 14 ವರ್ಷ ದುಡಿದವನು. ತನ್ನೊಂದಿಗೆ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ ಹತ್ತು ಮಂದಿಯೂ ಮೂವತ್ತರ ಆಸುಪಾಸಿನಲ್ಲಿ ಸತ್ತರು, ಉಳಿದವನು ತಾನೊಬ್ಬನೇ ಎಂದು ಆತ ಹೇಳಿದ. ಸ್ವಲ್ಪ ಕಾಲದಲ್ಲಿ ಅವನೂ ತೀರಿಕೊಂಡ.

1924ರಲ್ಲಿ ರಾಚ್‌ಡೇಲ್ ಪಟ್ಟಣದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು 33ನೇ ವಯಸ್ಸಿನಲ್ಲಿ ಸತ್ತಳು. ಕಲ್ನಾರಿನ ನೂಲು ತೆಗೆಯುವುದು ಅವಳ ಕೆಲಸವಾಗಿತ್ತು. ವೈದ್ಯ ಡಬ್ಲ್ಯು.ಇ. ಕುಕ್ ಅವಳ ಶ್ವಾಸಕೋಶದ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಸರ್ಕಾರ ಎಚ್ಚೆತ್ತಿತು. ಮೆರೆವೆದರ್ ಮತ್ತು ಪ್ರೈಸ್ ಎಂಬಿಬ್ಬರು ಅಧಿಕಾರಿಗಳು 363 ಕಾರ್ಮಿಕರನ್ನು ಪರೀಕ್ಷಿಸಿ, ಅವರಲ್ಲಿ 95 ಮಂದಿಯ ಶ್ವಾಸಕೋಶ ಗಟ್ಟಿಗಟ್ಟಿದೆ ಎಂದು 1930ರಲ್ಲಿ ವರದಿ ಕೊಟ್ಟರು. ನಾಲ್ವರಲ್ಲಿ ಒಬ್ಬರಿಗೆ ರೋಗ! 1931ರಲ್ಲಿ ನಿಯಮಾವಳಿ ಬಂತು: ಧೂಳು ಹೀರುವ ಯಂತ್ರ ಹಾಕಬೇಕು, ಕಾರ್ಮಿಕರ ವೈದ್ಯಕೀಯ ತಪಾಸಣೆ ನಡೆಯಬೇಕು.

ಆ ನಿಯಮಗಳು ಅನ್ವಯಿಸಿದ್ದು ಕಾರ್ಖಾನೆಯೊಳಗೆ ಪಟ್ಟಿ ಮಾಡಿದ ಕೆಲಸಗಳಿಗೆ. ಅದೇ ಕಾರ್ಖಾನೆಯಲ್ಲಿ ತಯಾರಾದ ಲೈನರ್ ಡಬ್ಬಿ ಸೇರಿ, ರೈಲು ಹತ್ತಿ, ಹಡಗು ಹತ್ತಿ ಸಾವಿರ ಗ್ಯಾರೇಜುಗಳಿಗೆ ಹೋಯಿತು. ಅಲ್ಲಿ ಅದನ್ನು ಶೂ ಮೇಲಿಟ್ಟು ರಿವೆಟ್ ಹೊಡೆದು, ಡ್ರಮ್ಮಿನ ಬಾಗಿಗೆ ಕೂರುವಂತೆ ಎಮರಿಗೆ ಉಜ್ಜುತ್ತಿದ್ದರು. ಇಂಥ ಉಜ್ಜುವಿಕೆಯಲ್ಲಿ ಹಾರುವ ಧೂಳು ಹೊಸ ಲೈನರ್‌ನದು, ಅಂದರೆ ಶಾಖಕ್ಕೆ ಸಿಕ್ಕಿ ರೂಪ ಕೆಡದ ಕಲ್ನಾರು. ಹೀರುವ ಯಂತ್ರವೂ ಇಲ್ಲ, ತಪಾಸಣೆಯೂ ಇಲ್ಲ, ಡಬ್ಬಿಯ ಮೇಲೆ ಒಂದು ಎಚ್ಚರಿಕೆಯ ಸಾಲೂ ಇರಲಿಲ್ಲ.

ಇದರ ಅಪಾಯ ಎಲ್ಲಿದೆ ಎಂಬುದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ಮೆಕ್ಯಾನಿಕ್‌ಗಳು ಧೂಳನ್ನು ಹಗುರವಾಗಿ ಕಾಣುವುದಕ್ಕೆ ಇದು ತಿಳಿಯದಿರುವುದೇ ಮೂಲ. ಕಲ್ನಾರು ಮುರಿದಾಗ ಉದ್ದಕ್ಕೆ ಸೀಳಿಕೊಂಡು ಇನ್ನೂ ತೆಳುವಾದ ಎಳೆಗಳಾಗುತ್ತದೆ. ಗಾಳಿಯಲ್ಲಿನ ಕಲ್ನಾರು ಅಳೆಯುವಾಗ ಲೆಕ್ಕಕ್ಕೆ ಹಿಡಿಯುವ ಎಳೆಗಳೇ ಮೂರು ಮೈಕ್ರಾನಿಗಿಂತ ತೆಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂಥ ಎಳೆ ಕೆಮ್ಮಿ ಉಗುಳಿದರೆ ಹೊರಬರುವ ಧೂಳಿನ ಜೊತೆ ಬರುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿದು ಕೂರುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲಾರದು. ಎದೆ ಗಟ್ಟಿಗಟ್ಟುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಇದರಿಂದ ಬರುವ ರೋಗಗಳು. ಮೆಸೊಥೆಲಿಯೋಮಾ ಸಾಮಾನ್ಯವಾಗಿ ತಲೆದೋರುವುದು ಧೂಳು ಕುಡಿದ 20ರಿಂದ 50 ವರ್ಷಗಳ ಮೇಲೆ. ಹದಿನೈದರಲ್ಲಿ ಗ್ಯಾರೇಜಿಗೆ ಸೇರಿದ ಹುಡುಗನಿಗೆ ಐವತ್ತರಲ್ಲಿ ಉಸಿರು ಕಟ್ಟಿದರೆ ಎದುರಿನ ವೈದ್ಯರಿಗೆ ಬ್ರೇಕ್ ಡ್ರಮ್ ನೆನಪಾಗುವುದು ಹೇಗೆ? ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಪಾಲು ಹಲವು ಪಟ್ಟು. ಅಮೆರಿಕದಲ್ಲಿ ಶಾಖ ತಡೆಯುವ ಹೊದಿಕೆ ಹಾಕುವ ಕಾರ್ಮಿಕರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು, ಎರಡೂ ಇಲ್ಲದವರಿಗೆ ಹೋಲಿಸಿದರೆ ಧೂಮಪಾನ ಮತ್ತು ಕಲ್ನಾರು ಎರಡೂ ಇದ್ದವರಲ್ಲಿ ಈ ಕ್ಯಾನ್ಸರಿನ ಸಾವು 50 ಪಟ್ಟಿಗೂ ಹೆಚ್ಚೆಂದು ತೋರಿಸಿತು. 1965ರಲ್ಲಿ ಲಂಡನ್ನಿನ ಸಂಶೋಧಕರು ಇನ್ನೊಂದನ್ನೂ ಕಂಡುಕೊಂಡರು: ಕಾರ್ಖಾನೆಯ ಮೆಟ್ಟಿಲೇ ಹತ್ತದ, ಕಾರ್ಮಿಕರ ಬಟ್ಟೆ ಒಗೆದ ಮನೆಯ ಹೆಂಗಸರಿಗೂ ಮೆಸೊಥೆಲಿಯೋಮಾ ಬಂದಿತ್ತು.

ಗ್ಯಾರೇಜಿನ ಕಡೆ ಮೊದಲು ತಿರುಗಿ ನೋಡಿದ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿನ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಓಶಾ 1972ರಲ್ಲಿ ಕಲ್ನಾರಿಗೆ ಮಿತಿ ಹಾಕಿತು: ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 5 ಎಳೆ. ಅದು 1976ರಲ್ಲಿ 2ಕ್ಕೆ, 1986ರಲ್ಲಿ 0.2ಕ್ಕೆ, 1994ರಲ್ಲಿ 0.1ಕ್ಕೆ ಇಳಿಯಿತು. 22 ವರ್ಷದಲ್ಲಿ ಐವತ್ತನೇ ಒಂದು ಭಾಗಕ್ಕೆ ಇಳಿದ ಮಿತಿಯನ್ನು ನೋಡಿದರೆ, ಮೊದಲು ಸುರಕ್ಷಿತವೆಂದು ನಂಬಿಸಿದ ಅಂಕಿಯನ್ನು ನಂಬಿ ದುಡಿದವರ ಗತಿ ನೆನೆದು ಸಂಕಟವಾಗುತ್ತದೆ. 1975ರಲ್ಲಿ ಸರ್ಕಾರದ ಸಂಶೋಧನಾ ಸಂಸ್ಥೆ ನಿಯೋಶ್ ಬ್ರೇಕ್ ಮತ್ತು ಕ್ಲಚ್ ಕೆಲಸದ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಪತ್ರ ಹೊರಡಿಸಿತು. 1986ರಲ್ಲಿ ಪರಿಸರ ಸಂಸ್ಥೆ ಇಪಿಎ ಮೆಕ್ಯಾನಿಕ್‌ಗಳಿಗೆಂದೇ ಸರಳ ಕೈಪಿಡಿ ಹಂಚಿತು. 2003ರಲ್ಲಿ ಆ ಕೈಪಿಡಿಯನ್ನು ಹಿಂತೆಗೆದುಕೊಳ್ಳಬೇಕೆಂದು ಕಾನೂನು ಸಂಸ್ಥೆಯೊಂದು ಅರ್ಜಿ ಹಾಕಿತು. ಕೈಪಿಡಿ ಉಳಿಯಿತು, 2007ರಲ್ಲಿ ಪರಿಷ್ಕೃತವಾಗಿ ಬಂತು.

ಅಷ್ಟು ತಕರಾರು ಯಾಕೆ? ವಾಹನ ಉದ್ಯಮದ ವಾದಕ್ಕೂ ಒಂದು ನೆಲೆ ಇತ್ತು. ಬ್ರೇಕಿನ ಶಾಖದಲ್ಲಿ ಕಲ್ನಾರು ಫಾರ್‌ಸ್ಟರೈಟ್ ಎಂಬ ಬೇರೆ ಖನಿಜವಾಗಿ ಮಾರ್ಪಡುತ್ತದೆ. ಸವೆದ ಧೂಳಿನ ಬಹುತೇಕ ಮಾದರಿಗಳಲ್ಲಿ ಉಳಿದ ಕಲ್ನಾರು ಶೇ 1ಕ್ಕಿಂತ ಕಡಿಮೆ. ಮೆಕ್ಯಾನಿಕ್‌ಗಳಲ್ಲಿ ಮೆಸೊಥೆಲಿಯೋಮಾ ಹೆಚ್ಚಿಲ್ಲ ಎಂದ ಅಧ್ಯಯನಗಳೂ ಇವೆ. ಅವುಗಳಲ್ಲಿ ಹಲವಕ್ಕೆ ಹಣ ಕೊಟ್ಟವರು ದಾವೆ ಎದುರಿಸುತ್ತಿದ್ದ ಕಂಪನಿಗಳು ಎಂಬುದು ನಿಜ. ಹಾಗೆಂದು ಅಂಕಿಗಳನ್ನೇ ತಳ್ಳಿಹಾಕಲು ಬರುವುದಿಲ್ಲ. ನೂಲುವ ಕಾರ್ಖಾನೆಯಷ್ಟು ಧೂಳು ಗ್ಯಾರೇಜಿನಲ್ಲಿ ಇರುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಹೊಸ ಲೈನರ್ ಉಜ್ಜುವಾಗಿನ ಧೂಳಿಗೆ ಈ ವಾದ ಅನ್ವಯಿಸುವುದಿಲ್ಲ. ಇಷ್ಟು ಪ್ರಮಾಣದವರೆಗೆ ಕುಡಿದರೆ ತೊಂದರೆ ಇಲ್ಲ ಎಂಬ ಗೆರೆಯನ್ನು ಕಲ್ನಾರಿಗೆ ಯಾರೂ ಎಳೆದು ತೋರಿಸಿಲ್ಲ. ಎದುರು ಪಕ್ಕದಲ್ಲಿರುವ ಖರ್ಚು ಒಂದು ಬಾಟಲಿ ನೀರಿನದು. ಅದಕ್ಕಾಗಿ ಮೆಕ್ಯಾನಿಕ್‌ನ ಎದೆಯನ್ನು ಪಣಕ್ಕಿಡಬೇಕೇ?

ನೀರಿನ ಬಾಟಲಿ ಎಂದದ್ದು ಅಕ್ಷರಶಃ ಸತ್ಯ. 1994ರ ಓಶಾ ನಿಯಮ ದೊಡ್ಡ ಗ್ಯಾರೇಜುಗಳಿಗೆ ಎರಡು ದಾರಿ ಹೇಳುತ್ತದೆ: ಚಕ್ರದ ಸುತ್ತ ಮುಚ್ಚಿಗೆ ಹಾಕಿ ಅತಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಧೂಳು ಹೀರುವುದು, ಇಲ್ಲವೇ ಕಡಿಮೆ ಒತ್ತಡದಲ್ಲಿ ದ್ರವ ಹರಿಸಿ ಕೆಳಗಿನ ತಟ್ಟೆಗೆ ತೊಳೆಯುವುದು. ವಾರಕ್ಕೆ ಐದು ಜೊತೆ ಬ್ರೇಕ್ ಅಥವಾ ಐದು ಕ್ಲಚ್‌ಗಿಂತ ಹೆಚ್ಚು ಕೆಲಸವಿಲ್ಲದ ಸಣ್ಣ ಗ್ಯಾರೇಜಿಗೆ ಇನ್ನೂ ಸುಲಭದ ದಾರಿ ಇದೆ. ಸ್ಪ್ರೇ ಬಾಟಲಿಯಿಂದ ನುಣ್ಣನೆ ನೀರು ಸಿಂಪಡಿಸಿ ಎಲ್ಲ ಭಾಗಗಳನ್ನೂ ಚೆನ್ನಾಗಿ ತೋಯಿಸಬೇಕು, ಆಮೇಲೆ ಬಟ್ಟೆಯಿಂದ ಒರೆಸಬೇಕು. ಒರೆಸಿದ ಬಟ್ಟೆಯನ್ನು ಒದ್ದೆಯಿರುವಾಗಲೇ ಕವರಿಗೆ ಹಾಕಿ ಗಂಟು ಕಟ್ಟಬೇಕು. ನೆಲಕ್ಕೆ ಚೆಲ್ಲಿದ್ದನ್ನು ಒಣಗುವ ಮುಂಚೆ ತೆಗೆಯಬೇಕು, ಒಣ ಪೊರಕೆ ಹಾಕಬಾರದು.

ನಿಷೇಧದ ಹಾದಿ ಇದಕ್ಕಿಂತ ಕಠಿಣವಾಗಿತ್ತು. ಇಪಿಎ 1989ರಲ್ಲಿ ಬ್ರೇಕ್ ಲೈನರ್ ಸೇರಿದಂತೆ ಕಲ್ನಾರಿನ ಬಹುಪಾಲು ವಸ್ತುಗಳನ್ನು ಹಂತಹಂತವಾಗಿ ನಿಷೇಧಿಸಿತು. 1991ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದರ ಬಹುಭಾಗವನ್ನು ರದ್ದು ಮಾಡಿತು. ಬದಲಿ ಲೈನರ್‌ಗಳಿಂದ ರಸ್ತೆ ಅಪಘಾತ ಹೆಚ್ಚಬಹುದೆಂಬ ಆತಂಕವೂ ತೀರ್ಪಿನಲ್ಲಿತ್ತು. ಅಷ್ಟರಲ್ಲಿ ಅರಾಮಿಡ್ ಎಂಬ ಕೃತಕ ಎಳೆ, ಗಾಜಿನ ಎಳೆ, ಉಕ್ಕಿನ ಎಳೆಗಳ ಲೈನರ್‌ಗಳು ಬಂದು ಆತಂಕ ಕರಗಿತು. ಬ್ರಿಟನ್ 1999ರಲ್ಲಿ ನಿಷೇಧಿಸಿತು, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ, ಯುರೋಪ್ ಒಕ್ಕೂಟ 2005ರಲ್ಲಿ. ದಶಕಗಳ ಕಾಲ ಭಾರತಕ್ಕೆ ಕಲ್ನಾರು ಕಳಿಸುತ್ತಿದ್ದ ಕೆನಡಾ 2018ರಲ್ಲಿ. ಅಮೆರಿಕದಲ್ಲಿ ಬಿಡಿಭಾಗದ ಅಂಗಡಿಯಲ್ಲಿ ಮಾರುವ ಕಲ್ನಾರಿನ ಬ್ರೇಕಿಗೆ ತೆರೆ ಬಿದ್ದದ್ದು 2024ರಲ್ಲಷ್ಟೇ.

ಭಾರತದಲ್ಲಿ ಬಿಳಿ ಕಲ್ನಾರಿಗೆ, ಅಂದರೆ ಬ್ರೇಕಿಗೂ ಶೀಟಿಗೂ ಬಳಸುವ ಬಗೆಗೆ, ಪೂರ್ಣ ನಿಷೇಧ ಇಂದಿಗೂ ಇಲ್ಲ. ಒಂದು ಕಾಲದಲ್ಲಿ ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಮುತ್ತಲೂ ಕಲ್ನಾರು ಅಗೆಯುತ್ತಿದ್ದರು. ದೇಶದಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದು 1986ರಲ್ಲಿ ನಿಂತಿತು. ಆಮದು ಮಾತ್ರ ನಡೆದೇ ಇದೆ, ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಸಿಮೆಂಟ್ ಶೀಟುಗಳಿಗೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕೊಟ್ಟ ತೀರ್ಪು ಬಹಳ ದೊಡ್ಡದು. ಕಾರ್ಮಿಕನ ಆರೋಗ್ಯವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಬರುತ್ತದೆ ಎಂದು ಅದು ಸಾರಿತು. ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆ ಇಡಬೇಕು, ರೋಗ ಬಂದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಆದೇಶಿಸಿತು. ಸಣ್ಣ ಘಟಕಗಳನ್ನೂ ರಕ್ಷಣೆಯೊಳಗೆ ತರುವುದನ್ನು ಪರಿಶೀಲಿಸಿ ಎಂದು ಸರ್ಕಾರಗಳಿಗೆ ಹೇಳಿತು. ಆದರೆ ಅಲ್ಲೂ ಮಾತು ಇದ್ದದ್ದು ಕಲ್ನಾರು ಮತ್ತು ಅದರ ವಸ್ತುಗಳ ತಯಾರಿಕೆಯ ಬಗ್ಗೆ.

ಈ ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿ ರಿಪೇರಿಯೂ ಉತ್ಪಾದನಾ ಕೆಲಸವೇ ಆಗಿತ್ತು. ತಡೆ ಇದ್ದದ್ದು ತಲೆಯೆಣಿಕೆಯಲ್ಲಿ: ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರ ಗ್ಯಾರೇಜು ಆ ಎಣಿಕೆಗೆ ಎಂದೂ ಸಿಗುವುದಿಲ್ಲ. ಅಪಾಯಕಾರಿ ಎಂದು ಸರ್ಕಾರ ಅಧಿಸೂಚಿಸಿದ ಕೆಲಸವಾದರೆ ಒಬ್ಬನೇ ಕೆಲಸಗಾರನಿದ್ದರೂ ಸಂಹಿತೆ ಅನ್ವಯಿಸಬಹುದು ಎಂಬ ಅವಕಾಶ ಅದರಲ್ಲೇ ಇದೆ. ಬ್ರೇಕ್ ಮತ್ತು ಕ್ಲಚ್ ಕೆಲಸವನ್ನು ಆ ಪಟ್ಟಿಗೆ ಸೇರಿಸುವುದು, ಐಟಿಐ ಪಾಠದಲ್ಲಿ ಒದ್ದೆ ಒರೆಸುವ ವಿಧಾನವನ್ನು ಕೈಯಾರೆ ಮಾಡಿಸುವುದು, ಡಬ್ಬಿಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಮುದ್ರಿಸುವುದು ಸರ್ಕಾರದ ಕೈಲಾಗದ ಕೆಲಸಗಳೇನಲ್ಲ.

ಈಗಿನ ಕಾರುಗಳಲ್ಲಿ ಹೆಚ್ಚಿನವು ಕಲ್ನಾರಿಲ್ಲದ ಪ್ಯಾಡ್‌ಗಳೊಂದಿಗೇ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಳ್ಳುವಾಗ ಕಲ್ನಾರಿಲ್ಲದ್ದನ್ನೇ ಕೇಳಿ ಪಡೆಯುವುದು ಒಳ್ಳೆಯದು. ಆದರೂ ಲೇಬಲ್ ನಂಬಿ ಗಾಳಿ ಹೊಡೆಯುವ ಹಾಗಿಲ್ಲ. 2012ರಲ್ಲಿ, ನಿಷೇಧ ಬಂದು ಎಂಟು ವರ್ಷ ದಾಟಿದ್ದ ಆಸ್ಟ್ರೇಲಿಯಾದಲ್ಲಿ, ಚೀನಾದಿಂದ ಬಂದ ಸುಮಾರು 23,000 ಕಾರುಗಳ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಸಿಕ್ಕಿ ಅವನ್ನೆಲ್ಲ ಹಿಂದಕ್ಕೆ ಕರೆಸಬೇಕಾಯಿತು. ಹತ್ತಾರು ವರ್ಷ ಓಡಿದ ಲಾರಿ, ಟ್ರ್ಯಾಕ್ಟರುಗಳ ಡ್ರಮ್ಮಿನಲ್ಲಿ ಯಾವ ಕಾಲದ ಲೈನರ್ ಇದೆ ಎಂದು ಬಣ್ಣ ನೋಡಿ ಹೇಳಲು ಸಾಧ್ಯವಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಹೀಗಾಗಿ ಪರಿಣತರು ಮೆಕ್ಯಾನಿಕ್‌ಗಳಿಗೆ ಹೇಳುವುದು ಒಂದೇ: ಎಲ್ಲ ಬ್ರೇಕ್ ಧೂಳನ್ನೂ ಕಲ್ನಾರೆಂದೇ ತಿಳಿದು, ಮೊದಲು ತೋಯಿಸಿ, ಆಮೇಲೆ ಕೈ ಹಾಕಿ. ಗಾಳಿ ಪೈಪನ್ನು ಟೈರಿಗೆ ಬಿಡಿ. ಕೆಲಸದ ಬಟ್ಟೆ ಗ್ಯಾರೇಜಿನಲ್ಲೇ ಬದಲಿಸಿ, ಅದನ್ನು ಮನೆಯ ಬಟ್ಟೆಯೊಂದಿಗೆ ಒಗೆಯಲು ಹಾಕಬೇಡಿ.