ಆಲ್ಪ್ ಅಂದರೆ ಶಿಖರವಲ್ಲ

ಮೊನ್ನೆ ಪೇಪರಿನ ಜೊತೆ ಮೈಸೂರಿನದೇ ಒಂದು ಟ್ರಾವೆಲ್ಸ್‌ನವರ ಪಾಂಪ್ಲೆಟ್ ಬಂತು. ಜನವರಿ ಟೂರ್. ಆಲ್ಪ್ಸ್‌ನ ಹುಲ್ಲುಗಾವಲಿನಲ್ಲಿ ಮೇಯುವ ಹಸುಗಳ ನಡುವೆ ಎರಡು ದಿನವಂತೆ. ಜನವರಿಯಲ್ಲಿ ಅಲ್ಲಿ ಹಸು ಮೇಯಬೇಕಾದರೆ ಮೊದಲು ಹಿಮ ಮೇಯಬೇಕು. ಈ ತಪ್ಪು ನೋಡಿ ನೋಡಿ ಸಾಕಾಗಿದೆ.

ಆ ಬೆಟ್ಟಸಾಲಿನ ಹೆಸರು ಆಲ್ಪ್ಸ್, ನಿಜ. ಆದರೆ ಸ್ವಿಸ್ ರೈತ ಆಲ್ಪ್‌ಗೆ ಹೋಗುತ್ತೇನೆ ಅಂದರೆ ಶಿಖರ ಹತ್ತುತ್ತಾನೆ ಅಂತಲ್ಲ, ದನ ಹೊಡೆದುಕೊಂಡು ಮೇವಿಗೆ ಹೊರಟಿದ್ದಾನೆ ಅಂತ. ಎತ್ತರದ ಹುಲ್ಲಿನ ಜಾಗ, ಅಲ್ಲಿನ ಗುಡಿಸಲು, ಕೊಟ್ಟಿಗೆ, ಚೀಸ್ ಮಾಡುವ ಹಂಡೆ, ಎಲ್ಲಾ ಸೇರಿ ಒಂದು ಆಲ್ಪ್. ಆಸ್ಟ್ರಿಯಾ, ಜರ್ಮನಿಯ ಬವೇರಿಯಾ ಕಡೆ ಇದನ್ನೇ ಆಲ್ಮ್ ಅನ್ನುತ್ತಾರೆ. ಅದು ಬೇರೆ ಪದವಲ್ಲ. ‘ಆಲ್ಬೆನ್’ ಅನ್ನುವ ರೂಪ ಜನರ ಬಾಯಲ್ಲಿ ಸವೆದು ಆಲ್ಮ್ ಆಗಿದೆ. ಮೂಲವನ್ನು ಲ್ಯಾಟಿನ್ನಿನ ‘ಬಿಳಿ’ಗೆ ಗಂಟುಹಾಕುವವರಿದ್ದಾರೆ, ರೋಮನ್ನರಿಗೂ ಹಿಂದಿನ ಮಾತು ಅನ್ನುವವರೂ ಇದ್ದಾರೆ.

ನನಗೆ ಜಾಸ್ತಿ ಬೇಜಾರು ನಮ್ಮ ಪದದ ಬಗ್ಗೆ. ಹುಲ್ಲುಗಾವಲು ಅಂದರೆ ಹುಲ್ಲು ಮತ್ತು ಕಾವಲು. ಸಂಧಿಯಲ್ಲಿ ಕ ಹೋಗಿ ಗ ಬಂದಿದೆ. ಸುಮ್ನೆ ಹಸಿರಾಗಿ ಕಂಡದ್ದಲ್ಲ, ಕಾದಿಟ್ಟ ಹುಲ್ಲು. ಗಾಲ್ಫ್ ಮೈದಾನಕ್ಕೂ ಹುಲ್ಲುಗಾವಲು ಅಂತ ಬರೆಯುವವರಿಗೆ ಇದನ್ನು ಎಷ್ಟು ಸಲ ಹೇಳೋದು? ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ನೀರು, ನೆರಳು ಇರುವ ಜಾಗ ಬೇಸಿಗೆಗೆ ಮೀಸಲು. ಕಾವಲು ಅನ್ನುವ ಮಾತಿನಲ್ಲೇ ಯಾವ ಕಾಲದ್ದು ಅನ್ನುವ ಪ್ರಶ್ನೆಯೂ ಇತ್ತು, ಅಲ್ವಾ? ಈ ಲೆಕ್ಕದಲ್ಲಿ ಆಲ್ಪ್ ಬರೀ ಬೇಸಿಗೆಯ ಕಾವಲು.

ಮೇ ಕೊನೆ, ಜೂನ್ ಹೊತ್ತಿಗೆ ದನ ಹತ್ತುತ್ತವೆ. ಸುಮಾರು 100 ದಿನ ಮೇಯ್ದು ಸೆಪ್ಟೆಂಬರಿನಲ್ಲಿ ಇಳಿಯುತ್ತವೆ. ಇಳಿಯುವಾಗ ಹೂವು, ದೊಡ್ಡ ಗಂಟೆ. ನಮ್ಮಲ್ಲಿ ಸಂಕ್ರಾಂತಿಗೆ ಕಿಚ್ಚು ಹಾಯಿಸುವ ಮುಂಚೆ ಸಿಂಗರಿಸುತ್ತೇವಲ್ಲ, ಹಾಗೆ. ಆಸ್ಟ್ರಿಯಾದ ಹಲವು ಕಡೆ ಆ ಬೇಸಿಗೆಯಲ್ಲಿ ಹಸುವೊಂದು ಸತ್ತಿದ್ದರೆ ಸಿಂಗಾರ ಬಿಟ್ಟುಬಿಡುತ್ತಾರೆ. ಸ್ವಿಟ್ಜರ್ಲೆಂಡಿನ ಈ ಆಲ್ಪ್ ಬದುಕನ್ನು 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ದನ ಇಳಿದವು ಅಂದರೆ ಮೇಲಿನ ಗುಡಿಸಲಿಗೆ ಬೀಗ. ಕೆಲವನ್ನು ಸ್ಕೀ ಆಡುವವರಿಗೆ ಊಟದ ಮನೆ ಮಾಡಿರುತ್ತಾರೆ, ಆದರೆ ಕೊಟ್ಟಿಗೆ ಖಾಲಿ. ಹಸುಗಳೆಲ್ಲ ಕಣಿವೆಯ ಕೊಟ್ಟಿಗೆಯಲ್ಲಿ ಒಣಹುಲ್ಲು ಮೆಲ್ಲುತ್ತಿರುತ್ತವೆ. ಒಣಹುಲ್ಲು ಅಂದಾಗ ಮಂಡ್ಯದವರ ಕಣ್ಣಿಗೆ ಭತ್ತದ ಹುಲ್ಲಿನ ಮೆದೆ ಬರುತ್ತದೆ. ಅದು ಕಾಳು ಬಡಿದ ಮೇಲೆ ಉಳಿದದ್ದು. ಅವರದ್ದು ಬೇಸಿಗೆಯಲ್ಲಿ ಹಸಿ ಹುಲ್ಲನ್ನೇ ಕೊಯ್ದು ಬಿಸಿಲಿಗೆ ಹರಡಿ ಒಣಗಿಸಿಟ್ಟದ್ದು. ಹಸು ಮೇಲೆ ಮೇಯುತ್ತಿದ್ದಾಗ ಕೆಳಗಿನ ಊರಿನವರು ಮಾಡುತ್ತಿದ್ದ ಕೆಲಸ ಇದೇ.